ಗೋಡೆ ಒಂದೇ, ಹೆಸರು ಹಲವು

ಒಂದು ಪದ ನನ್ನ ಮಾನ ತೆಗೆದ ಕಥೆಯಿಂದ ಶುರು ಮಾಡ್ತೀನಿ.

ಸುದ್ದಿಮನೆಗೆ ಬಂದ ಹೊಸತು. ಮಂಗಳೂರು ಕಡೆಯ ವರದಿಗಾರರೊಬ್ಬರು ಎರಡು ಸಾಲಿನ ಸುದ್ದಿ ಕಳಿಸಿದ್ದರು. ‘ಶಾಲಾ ವಠಾರದಲ್ಲಿ ಮರ ಉರುಳಿದೆ, ಯಾರಿಗೂ ಅಪಾಯವಿಲ್ಲ.’ ಬೆಂಗಳೂರಿನ ಡೆಸ್ಕಿನಲ್ಲಿ ಕೂತಿದ್ದ ನಾನು ಅದನ್ನು ‘ತಿದ್ದಿದೆ’. ‘ಶಾಲೆ ಪಕ್ಕದ ವಠಾರದ ಮೇಲೆ ಮರ ಬಿದ್ದಿದೆ, ನಿವಾಸಿಗಳು ಪಾರು’ ಅಂತ ಬರೆದೆ. ಬುಲೆಟಿನ್‌ನಲ್ಲಿ ಓದಿಯೂ ಬಿಟ್ಟೆ. ಹತ್ತು ನಿಮಿಷಕ್ಕೆ ವರದಿಗಾರರ ಫೋನು. ‘ಮಾರಾಯ್ರೆ, ಅಲ್ಲಿ ನಿವಾಸಿಗಳು ಎಲ್ಲಿಂದ ಬಂದ್ರು? ಅದು ಶಾಲೆಯ ಅಂಗಳ!’

ಆವತ್ತು ಗೊತ್ತಾಯ್ತು. ಘಟ್ಟದ ಕೆಳಗೆ ವಠಾರ ಅಂದರೆ ಆವರಣ. ದೇವಸ್ಥಾನದ ವಠಾರ, ಶಾಲೆಯ ವಠಾರ, ಆಸ್ಪತ್ರೆಯ ವಠಾರ. ಅಲ್ಲಿ ಯಾರೂ ಬಾಡಿಗೆ ಕೊಡಬೇಕಾಗಿಲ್ಲ. ಘಟ್ಟ ಹತ್ತಿ ಬೆಂಗಳೂರು, ಮೈಸೂರಿಗೆ ಬಂದರೆ ಅದೇ ಪದಕ್ಕೆ ಬೇರೆ ಜೀವ. ಒಂದು ಗೇಟು, ಒಂದು ಅಂಗಳ, ಒಂದು ನಲ್ಲಿ, ಒಬ್ಬ ಮಾಲೀಕ. ಸಾಲಾಗಿ ಆರೋ ಎಂಟೋ ಮನೆ, ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ಪಕ್ಕದ ತಮಿಳಿನಲ್ಲಿ ‘ವಟ್ಟಾರಂ’ ಅಂದರೆ ಒಂದು ಪ್ರದೇಶ, ಒಂದು ಸೀಮೆ. ಅಂದರೆ ಆ ಕಡೆ ಹೋದಂತೆ ಪದ ಹಿಗ್ಗುತ್ತೆ, ಬೆಂಗಳೂರಿಗೆ ಬಂದಂತೆ ಕುಗ್ಗುತ್ತೆ. ಸೀಮೆಯಷ್ಟು ದೊಡ್ಡದಾಗಬಲ್ಲ ಪದ ನಮ್ಮಲ್ಲಿ ಒಂದು ನಲ್ಲಿಯ ಸುತ್ತ ಬಂದು ನಿಂತಿದೆ.

ಆಮೇಲೆ ನಾನು ಈ ‘ಒಂದೇ ಗೋಡೆ’ಯ ಮನೆಗಳಿಗೆ ನಮ್ಮಲ್ಲಿ ಎಷ್ಟು ಹೆಸರಿದೆ ಅಂತ ಲೆಕ್ಕ ಹಾಕೋಕೆ ಕೂತೆ. ದೇವಸ್ಥಾನದ ಎದುರು ಎರಡು ಸಾಲಾಗಿ ಅಂಟಿಕೊಂಡಿದ್ದರೆ ಅಗ್ರಹಾರ. ಹುಬ್ಬಳ್ಳಿ ಕಡೆ ಬಾಡಿಗೆ ಸಾಲು ಚಾಳ. ಕಾಫಿ ತೋಟದೊಳಗಿದ್ದರೆ ಲೈನ್ ಮನೆ. ಪೊಲೀಸರಿದ್ದರೆ ಪೊಲೀಸ್ ಲೈನ್. ಕಾರ್ಖಾನೆಯವರಿದ್ದರೆ ಕ್ವಾರ್ಟರ್ಸ್. ಏರ್‌ಪೋರ್ಟ್ ರಸ್ತೆಯಲ್ಲಿ ಬಿಲ್ಡರ್ ಕಟ್ಟಿದರೆ ರೋ ಹೌಸ್, ಬೆಲೆ ಕೋಟಿಯ ಮಾತು. ಕಟ್ಟಡದ ನಕ್ಷೆ ಮಾತ್ರ ಇಟ್ಟು, ಹೆಸರು ಅಳಿಸಿ ನೋಡಿ. ಎಲ್ಲವೂ ಒಂದೇ ಜಾತಿಯ ಕಟ್ಟಡ! ಹಾಗಾದರೆ ಹೆಸರು ಯಾಕೆ ಬೇರೆ ಬೇರೆ? ಈ ಪ್ರಶ್ನೆಗೆ ಉತ್ತರ ಗೋಡೆಯಲ್ಲಿಲ್ಲ, ಇತಿಹಾಸದಲ್ಲಿದೆ.

ಮೊದಲು ಗೋಡೆಯ ಲೆಕ್ಕ ಮುಗಿಸಿಬಿಡೋಣ. ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಈ ಚಟ ಬಿಡೋದಿಲ್ಲ. ಹತ್ತು ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿದರೆ ಪಕ್ಕದ ಗೋಡೆಗಳು 20 ಬೇಕು. ಅವನ್ನೇ ಅಂಟಿಸಿ ಸಾಲಾಗಿ ಕಟ್ಟಿದರೆ 11 ಸಾಕು. ಒಂಬತ್ತು ಗೋಡೆ, ಒಂಬತ್ತು ಪಾಯ ಉಳಿತಾಯ. ಜಾಗದ ಲೆಕ್ಕ ಇನ್ನೂ ಜೋರು. 30-40ರ ಸೈಟು ಅಂದರೆ 1200 ಚದರಡಿ. ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ 240 ಚದರಡಿ, ಅಂದರೆ ಸೈಟಿನ ಐದನೇ ಒಂದು ಭಾಗ ಬರೀ ಗಾಳಿಗೆ ಹೋಯ್ತು. ಗೋಡೆ ಹಂಚಿಕೊಂಡರೆ ಬಿಸಿಲೂ ಕಮ್ಮಿ. ನಡುವಿನ ಮನೆಗೆ ಎರಡು ಪಕ್ಕ ಬಿಸಿಲೇ ತಾಗಲ್ಲ. ಆದರೆ ನಷ್ಟವೂ ಇದೆ. ಪಕ್ಕದಲ್ಲಿ ಕಿಟಕಿ ಇಡುವಂತಿಲ್ಲ. ಹಳೇ ಮನೆಗಳಲ್ಲಿ ಎರಡೂ ಮನೆಯ ತೊಲೆ ಒಂದೇ ಗೋಡೆಯ ಮೇಲೆ ಕೂತಿರುತ್ತಿತ್ತು. ಒಬ್ಬ ತನ್ನ ಮನೆ ಕೆಡವಿದರೆ ಇನ್ನೊಬ್ಬನ ಮಾಡು ನಡುಗುತ್ತಿತ್ತು. ಅಂದರೆ ಗೋಡೆ ಹಂಚಿಕೊಳ್ಳೋದು ಅಂದರೆ ಒಂದು ಒಪ್ಪಂದ. ‘ನೀನು ನಿಂತಿದ್ದರೆ ನಾನೂ ನಿಂತಿರ್ತೀನಿ’ ಅನ್ನೋ ಒಪ್ಪಂದ.

ಬೆಂಗಳೂರು ಪೇಟೆ ಈ ಒಪ್ಪಂದದ ಮೇಲೇ ನಿಂತಿತ್ತು. ಕೆಂಪೇಗೌಡರ ಕಾಲದ ಪೇಟೆ ನೋಡಿ. ಅಕ್ಕಿಪೇಟೆ, ತರಗುಪೇಟೆ, ಚಿಕ್ಕಪೇಟೆ. ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದಲ್ಲಿ ಪಕ್ಕದವನ ಗೋಡೆ. ಬೀದಿಗೊಂದು ಕಸುಬು. ನಡುವೆ ಜಾಗ ಬಿಡೋದು ಅಂದರೆ ವ್ಯಾಪಾರ ಬಿಟ್ಟಂತೆ.

1809ರಲ್ಲಿ ಕತೆ ತಿರುಗಿತು. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ ಬೆಂಗಳೂರಿಗೆ ಬಂತು, ಕಂಟೋನ್ಮೆಂಟ್ ಎದ್ದಿತು. ಅಲ್ಲಿಗೆ ಎರಡು ಥರದ ಮನೆ ಬಂದವು, ಎರಡು ಹೊಸ ಪದ ಬಂದವು. ಸಾಹೇಬರಿಗೆ ಬಂಗಲೆ. ಈ ಪದದ ಬೇರು ಬಂಗಾಳ. ಬಂಗಾಳದ ಹಳ್ಳಿಮನೆಯ ಮಾದರಿಯನ್ನು ಸಾಹೇಬರು ದೊಡ್ಡದು ಮಾಡಿ, ನಡುವೆ ಇಟ್ಟು, ಸುತ್ತ ತೋಟ ಬೆಳೆಸಿ, ಅದರಾಚೆ ಕಾಂಪೌಂಡ್ ಹಾಕಿದರು. ಸಿಪಾಯಿಗಳಿಗೆ ಲೈನು. ಕವಾಯತಿಗೆ ಸಾಲಾಗಿ ನಿಲ್ಲುವ ಹಾಗೆ ಸಾಲಾಗಿ ನಿಂತ ಗೂಡುಗಳು. ಗಮನಿಸಿ, ಒಂದೇ ದಂಡಿನಲ್ಲಿ ಅಧಿಕಾರಿಗೆ ಸುತ್ತ ಗಾಳಿ, ಸಿಪಾಯಿಗೆ ಪಕ್ಕದಲ್ಲಿ ಗೋಡೆ. ಮನೆಯ ಸುತ್ತ ಎಷ್ಟು ಖಾಲಿ ಜಾಗ ಇದೆ ಅನ್ನೋದು ಹುದ್ದೆಯ ಅಳತೆಗೋಲಾಯಿತು. ಇವತ್ತಿಗೂ ‘ಇಂಡಿಪೆಂಡೆಂಟ್ ಹೌಸ್’ ಅನ್ನುವಾಗ ನಮ್ಮ ದನಿಯಲ್ಲಿ ಒಂದು ಹೆಮ್ಮೆ ಬರುತ್ತಲ್ಲ, ಅದರ ಮೂಲದಲ್ಲಿ ಈ ಕಂಟೋನ್ಮೆಂಟೂ ಇದೆ.

ಆದರೂ ಪೇಟೆಯ ಜನ ಇನ್ನೂ ಸುಮಾರು 90 ವರ್ಷ ತಮ್ಮ ಗೋಡೆ ಬಿಡಲಿಲ್ಲ. ಅವರನ್ನು ಬಿಡಿಸಿದ್ದು ಒಂದು ರೋಗ.

1896ರಲ್ಲಿ ಬಾಂಬೆಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿ ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿತ್ತು. ‘ಇಲಿ ಬಿತ್ತು’ ಅಂದರೆ ಸಾಕು, ಊರಿಗೆ ಊರೇ ಖಾಲಿ. ಜನ ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನ ಗುಡಿಗಳು ಎದ್ದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರದಲ್ಲಿ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್, ಮುಂದೆ ಅವರೇ ದಿವಾನರಾದರು. ವೈದ್ಯರು ಪೇಟೆಯ ಮನೆಗಳ ಒಳಗೆ ಹೋಗಿ ನೋಡಿದರು. ಕತ್ತಲೆ, ಶೀತ, ಗಾಳಿಯಿಲ್ಲ, ಮನೆಗೆ ಮನೆ ಅಂಟು. ರೋಗಕ್ಕೆ ಇದೇ ಕಾರಣ ಅಂದುಬಿಟ್ಟರು.

ಕಾರಣ ನಿಜವಾಗಿ ಬೇರೆ ಇತ್ತು. ಪ್ಲೇಗಿನ ಸೂಕ್ಷ್ಮಾಣುವನ್ನು ಯೆರ್ಸಿನ್ 1894ರಲ್ಲೇ ಪತ್ತೆ ಮಾಡಿದ್ದ. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತೆ ಅಂತ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ, ನಮ್ಮಲ್ಲಿ ಪ್ಲೇಗು ಬಂದ ಅದೇ ವರ್ಷ, ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಆಗ ಅದನ್ನು ನಂಬಿದವರು ಕಡಿಮೆ. ಆದರೂ ಗೋಡೆ ಪೂರ್ತಿ ನಿರಪರಾಧಿ ಅಂತಲೂ ಹೇಳೋಕಾಗಲ್ಲ. ಮಣ್ಣಿನ ಗೋಡೆಯೊಳಗೆ ಬಿಲ ತೋಡುವ ಇಲಿಗೆ, ಮಾಡಿನಿಂದ ಮಾಡಿಗೆ ಓಡುವ ಇಲಿಗೆ ಹತ್ತು ಮನೆಯ ಸಾಲು ಒಂದೇ ಮನೆ. ನಮ್ಮ ಉಳಿತಾಯದ ಗೋಡೆ ಇಲಿಗೆ ಹೆದ್ದಾರಿ.

ಹಾಗಾಗಿ ಹೊಸ ಬೆಂಗಳೂರು ಗೋಡೆ ಬಿಡಿಸಿಕೊಂಡು ಹುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಪ್ಲೇಗಿನ ನಂತರ ತುಂಬಿಕೊಂಡವು. ಅಗಲ ರಸ್ತೆ, ನೇರ ಅಡ್ಡರಸ್ತೆ, ಮನೆ ಸುತ್ತ ಜಾಗ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡ್ ಬಂತು. ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಕಟ್ಟುವಾಗ ಇಲಿ ನುಗ್ಗದಂಥ ಮನೆ ಹೇಗಿರಬೇಕು ಅಂತಲೇ ಯೋಚಿಸಿ ಕಟ್ಟಿದರು. ಕನ್ನಡದ ಮಧ್ಯಮ ವರ್ಗ ಮೊದಲ ಬಾರಿಗೆ ಸಾಹೇಬರ ಬಂಗಲೆಯ ವ್ಯಾಕರಣದಲ್ಲಿ ತನ್ನ ಮನೆ ಬರೆಯಿತು. ಮುಂದೆ ಕಾಂಪೌಂಡ್, ಗೇಟು, ಸಂಪಿಗೆ ಮರ.

ಇದು ಜೀವ ಉಳಿಸಿದ ಬದಲಾವಣೆ, ಸಂಶಯವೇ ಇಲ್ಲ. ಆದರೆ ಈ ಖಾಲಿ ಜಾಗ ಎಲ್ಲರಿಗೂ ಒಂದೇ ರೀತಿ ಸಿಗಲಿಲ್ಲ. ಹೊಸ ಬಡಾವಣೆಯಲ್ಲಿ ಸಮುದಾಯ ನೋಡಿ ಬ್ಲಾಕು ಹಂಚುವ ರೂಢಿ ಮುಂದುವರಿಯಿತು. ಕೇರಿ ಹೋಯ್ತು, ಬ್ಲಾಕ್ ಬಂತು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಅಂತ ಬಿಟ್ಟರಲ್ಲ, ಅದು ಗಾಳಿಗಷ್ಟೇ ಅಲ್ಲ. ಪಾಯಿಖಾನೆಯ ಮಲ ಹೊರುವ ಮನುಷ್ಯ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲಿ ಅಂತ. ಆತ ಮುಂಬಾಗಿಲ ರಸ್ತೆಯಲ್ಲಿ ಕಾಣಿಸಬಾರದು. ಮನೆಗಳ ನಡುವೆ ಬಿಟ್ಟ ಜಾಗಕ್ಕೂ ಒಂದು ಜಾತಿ ಇತ್ತು.

ಸರಿ, ಗೋಡೆ ಬಿಡಿಸಿಕೊಂಡ ಊರಿಗೆ ವಠಾರ ಮತ್ತೆ ಹೇಗೆ ಬಂತು? ಲೆಕ್ಕ ಸರಳ. 1884ರಿಂದಲೇ ದೊಡ್ಡ ಬಟ್ಟೆ ಗಿರಣಿ ಇತ್ತು. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಜನಗಣತಿ ನೋಡಿ. 1941ರಲ್ಲಿ ಸುಮಾರು 4 ಲಕ್ಷ ಇದ್ದ ಬೆಂಗಳೂರು 1951ಕ್ಕೆ 7.8 ಲಕ್ಷ. ಹತ್ತೇ ವರ್ಷದಲ್ಲಿ ಹತ್ತಿರಹತ್ತಿರ ಎರಡರಷ್ಟು! ತುಮಕೂರಿನಿಂದ, ಹಾಸನದಿಂದ, ಕೋಲಾರದಿಂದ ಒಂದು ಟ್ರಂಕು ಹಿಡಿದು ಬಂದ ಗುಮಾಸ್ತನಿಗೆ, ಫಿಟ್ಟರನಿಗೆ, ಮೇಷ್ಟ್ರಿಗೆ ಮನೆ ಎಲ್ಲಿ? ದೊಡ್ಡ ಸೈಟಿನ ಯಜಮಾನರು ಹಿತ್ತಲು ನೋಡಿದರು. ಮುಂದೆ ತಮ್ಮ ಮನೆ, ಹಿಂದಿನ ತೋಟದ ಜಾಗದಲ್ಲಿ ಸಾಲುಮನೆ. ಎರಡು ಕೋಣೆ, ಒಂದು ಅಡುಗೆಮನೆ, ಕೊನೆಯಲ್ಲಿ ಎಲ್ಲರಿಗೂ ಸೇರಿ ಬಚ್ಚಲು, ಕಕ್ಕಸು. ಪ್ಲೇಗಿನ ಹೆದರಿಕೆಯಿಂದ ಬಿಟ್ಟಿದ್ದ ಖಾಲಿ ಜಾಗವನ್ನು ಬಾಡಿಗೆಯ ಆಸೆ ತುಂಬಿತು. ಬಡಾವಣೆಯ ಕಾಂಪೌಂಡಿನೊಳಗೇ ಪೇಟೆ ವಾಪಸ್ ಬಂದು ಕೂತಿತು.

ಈಗ ವಠಾರದ ಬಗ್ಗೆ ಎಲ್ಲರೂ ಬರೆಯೋದು ಒಂದೇ ಥರ. ಹುಳಿ ವಿನಿಮಯ, ಹಬ್ಬದ ರಂಗೋಲಿ, ಒಂದೇ ಟಿವಿ ಮುಂದೆ ಎಂಟು ಮನೆಯ ಮಕ್ಕಳು. ಎಲ್ಲ ನಿಜ. ಈ ಗೋಡೆಗೆ ಕಿವಿ ಇತ್ತು, ಅದು ಕಷ್ಟಕ್ಕೂ ಆಗುತ್ತಿತ್ತು. ರಾತ್ರಿ ಎದೆನೋವು ಬಂದರೆ ಗೋಡೆ ಬಡಿದರೆ ಸಾಕು, ಪಕ್ಕದವರು ಎದ್ದು ಬರುತ್ತಿದ್ದರು. ಗಂಡ ಕೈ ಎತ್ತಿದರೆ ಆಚೆ ಕಡೆಯ ಅಜ್ಜಿ ಜೋರಾಗಿ ಕೆಮ್ಮುತ್ತಿದ್ದರು. ಆ ಕೆಮ್ಮು ಅಂದರೆ ‘ನಾನು ಕೇಳಿಸಿಕೊಳ್ತಾ ಇದೀನಿ’ ಅಂತ. ಈಗಿನ ಸಿಸಿಟಿವಿಗೆ ಈ ಕೆಮ್ಮು ಬರಲ್ಲ ಬಿಡಿ.

ಆದರೆ ಇನ್ನೊಂದು ಪುಟವೂ ಇದೆ, ಅದನ್ನು ಹರಿದು ಹಾಕೋದು ಬೇಡ. ಅದೇ ಕಿವಿ ಸೊಸೆ ಬಿಕ್ಕಿದ್ದನ್ನು ಬೆಳಿಗ್ಗೆ ನಲ್ಲಿ ಮುಂದೆ ಸುದ್ದಿ ಮಾಡುತ್ತಿತ್ತು. ‘ವಠಾರದ ಜಗಳ’ ಅನ್ನೋ ಮಾತು ಸುಮ್ಮನೆ ಹುಟ್ಟಲಿಲ್ಲ. ಮುಖ್ಯವಾಗಿ, ಆ ಗೇಟಿನೊಳಗೆ ಬರೋಕೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ‘ನೀವು ಯಾವ ಪೈಕಿ?’ ಬಾಡಿಗೆ ಎಷ್ಟು ಅಂತ ಬಂದವನು ಕೇಳುವ ಮುಂಚೆ, ಜಾತಿ ಯಾವುದು ಅಂತ ಯಜಮಾನ ಕೇಳುತ್ತಿದ್ದ. ನಲ್ಲಿ ಹಂಚಿಕೊಳ್ಳಬೇಕಲ್ಲ! ಗೋಡೆ ಹಂಚಿಕೊಂಡವರು ಊಟ ಹಂಚಿಕೊಂಡರು, ನಿಜ. ಊಟ ಹಂಚಿಕೊಳ್ಳಬಹುದಾದವರನ್ನೇ ಆರಿಸಿ ಆ ಗೋಡೆಯ ಪಕ್ಕ ಇಟ್ಟಿದ್ದರು ಅನ್ನೋದೂ ಅಷ್ಟೇ ನಿಜ.

ವಠಾರವನ್ನು ಕೊನೆಗೆ ಕೆಡವಿದ್ದು ಜಗಳ ಅಲ್ಲ, ಲೆಕ್ಕ. 1951ರಲ್ಲಿ ಮೈಸೂರು ಸರ್ಕಾರದ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು, 1961ರಲ್ಲಿ ಅದರ ಜಾಗಕ್ಕೆ ಮತ್ತೊಂದು. ಬಾಡಿಗೆದಾರನನ್ನು ಸುಮ್ಮನೆ ಎಬ್ಬಿಸುವಂತಿಲ್ಲ, ಬಾಡಿಗೆಯನ್ನು ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. ಬಡ ಗುಮಾಸ್ತನಿಗೆ ಇದು ದೊಡ್ಡ ರಕ್ಷೆ. ಆದರೆ ಯಜಮಾನ ಹೆಂಚು ಬದಲಿಸೋದು ನಿಲ್ಲಿಸಿದ. 1999ರ ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬರುವಷ್ಟರಲ್ಲಿ ಗೋಡೆಗಳು ಉದುರುತ್ತಿದ್ದವು, ಜಾಗದ ಬೆಲೆ ಮುಗಿಲಿಗೆ ಏರುತ್ತಿತ್ತು. ಯಜಮಾನರ ಮಕ್ಕಳು ಅಪಾರ್ಟ್‌ಮೆಂಟಿಗೆ ಕೊಟ್ಟರು. ಈಗ ವಠಾರ ಇರೋದು ಹೆಚ್ಚಾಗಿ ನೆನಪಿನಲ್ಲಿ, ಇಲ್ಲವೇ ಧಾರಾವಾಹಿಯ ಸೆಟ್ಟಿನಲ್ಲಿ.

ಇಲ್ಲಿಗೆ ಮುಗಿಸಿದ್ದರೆ ಇದೊಂದು ಹಳೇ ನೆನಪಿನ ಲೇಖನ ಆಗ್ತಿತ್ತು. ಮುಗಿಯಲ್ಲ. ಯಾಕಂದ್ರೆ ಒಂದೇ ಗೋಡೆಯ ಮನೆ ಸತ್ತಿಲ್ಲ. ಅದರ ಇನ್ನೊಂದು ಹೆಸರು ಬದುಕಿದೆ. ಲೈನ್ ಮನೆ.

ದಂಡಿನ ಸಿಪಾಯಿಗೆ ಇದ್ದ ಆ ‘ಲೈನು’ ಅನ್ನೋ ಪದ ಕೆಲಸಗಾರರ ಬೆನ್ನು ಹತ್ತಿತು. ಕೋಲಾರದ ಚಿನ್ನದ ಗಣಿಗೆ ಹೋಯ್ತು. ಅಲ್ಲಿ ಭೂಮಿಯೊಳಗೆ ಇಳಿದವರು ತಟ್ಟಿ ಗೋಡೆಯ ಸಾಲುಗಳಲ್ಲಿ ಮಲಗಿದರು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು ಅಂತ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಿ. ಆ ಗಣಿಯ ಲೈನುಗಳ ಬಗ್ಗೆ ನಮಗೆ ಯಾರೂ ಪ್ರಶ್ನೆ ಕೇಳಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಜನ ಅಲ್ಲೇ ಉಳಿದರು. ಗಣಿ ಮುಚ್ಚಬಹುದು, ಮನೆ ಯಾರದು ಅನ್ನೋ ಪ್ರಶ್ನೆ ಮುಚ್ಚಲ್ಲ.

ಕೊಡಗು, ಚಿಕ್ಕಮಗಳೂರಿನ ತೋಟಗಳಿಗೂ ಅದೇ ಪದ ಹೋಯ್ತು. 1951, ಅಂದರೆ ಬೆಂಗಳೂರಿನ ಬಾಡಿಗೆದಾರನಿಗೆ ಕಾನೂನಿನ ರಕ್ಷೆ ಸಿಕ್ಕ ಅದೇ ವರ್ಷ, ಕೇಂದ್ರ ಸರ್ಕಾರ ತೋಟ ಕಾರ್ಮಿಕರ ಕಾಯ್ದೆ ತಂದಿತು. ಕಾರ್ಮಿಕರಿಗೆ ಮನೆ ಕೊಡೋದು ಮಾಲೀಕರ ಹೊಣೆ ಅಂತು. 1981ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿತು. ಹಾಗೆ ಕೊಟ್ಟ ಮನೆ ಕುಸಿದು ಜೀವ ಹೋದರೆ ಮಾಲೀಕ ಪರಿಹಾರ ಕೊಡಬೇಕು. ಚೆನ್ನಾಗಿದೆ ಅಲ್ವಾ? ಮುಂದೆ ಓದಿ. ಕುಸಿದದ್ದಕ್ಕೆ ಒಳಗಿದ್ದವರ ತಪ್ಪೇ ನೇರ ಕಾರಣವಾಗಿದ್ದರೆ, ಇಲ್ಲವೇ ಪ್ರಕೃತಿ ವಿಕೋಪ ಕಾರಣವಾಗಿದ್ದರೆ ಆ ಹೊಣೆ ಇಲ್ಲ. ಜುಲೈ ತಿಂಗಳ ಕೊಡಗಿನಲ್ಲಿ ಮಣ್ಣಿನ ಗೋಡೆ ಕುಸಿದರೆ ಅದು ಹಳೇ ಗೋಡೆಯ ತಪ್ಪೋ, ಮಳೆಯ ತಪ್ಪೋ? ಹೇಳಿ ನೋಡೋಣ. ಜೊತೆಗೆ, ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್‌ ಅಥವಾ ಅದಕ್ಕಿಂತ ದೊಡ್ಡದಾದ, 15 ಜನ ಕೆಲಸಕ್ಕಿರುವ ತೋಟಗಳಿಗೆ. ಅದಕ್ಕಿಂತ ಚಿಕ್ಕ ತೋಟದ ಲೈನು ಮಾಲೀಕರ ಒಳ್ಳೆಯತನದ ಮೇಲೆ ನಿಂತಿತ್ತು.

ವ್ಯತ್ಯಾಸ ಈಗ ಕಾಣ್ತಾ? ವಠಾರದವನು ಬಾಡಿಗೆ ಕೊಡುತ್ತಿದ್ದ, ರಸೀತಿ ಇಟ್ಟುಕೊಳ್ಳುತ್ತಿದ್ದ, ಕೆಲಸ ಬದಲಿಸಿದರೂ ಮನೆಯಲ್ಲಿರುತ್ತಿದ್ದ, ಕೋರ್ಟಿಗೆ ಹೋಗಬಲ್ಲವನಾಗಿದ್ದ. ಲೈನ್ ಮನೆಯವನಿಗೆ ಬಾಡಿಗೆ ಇಲ್ಲ. ಕೇಳೋಕೆ ಉದಾರತನದ ಹಾಗಿದೆ. ಆದರೆ ಬಾಡಿಗೆ ಇಲ್ಲ ಅಂದರೆ ರಸೀತಿಯೂ ಇಲ್ಲ. ಕೆಲಸ ಹೋದ ದಿನ ಮನೆಯೂ ಹೋಯ್ತು. ಅಪ್ಪನ ಸಾಲ ಮಗನ ತಲೆಗೆ ಬಂದರೆ ಮನೆಯೇ ಸರಪಳಿ. ಮೂರು ತಲೆಮಾರು ಅದೇ ಗೋಡೆಗೆ ಒರಗಿ ಕೂತಿದ್ದರೂ ಆ ಗೋಡೆಯಲ್ಲಿ ಒಂದು ಮೊಳೆಯಷ್ಟು ಹಕ್ಕು ಇಲ್ಲ.

2016ರಲ್ಲಿ ಕೊಡಗಿನ ದಿಡ್ಡಳ್ಳಿ ನೆನಪಿದೆಯಾ? ಕಾಡಿನಂಚಿನಲ್ಲಿ ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಡಿಸೆಂಬರ್ ಚಳಿಯಲ್ಲಿ ಅವನ್ನು ಕೆಡವಿದರು. ದೊಡ್ಡ ಹೋರಾಟ ಆಯ್ತು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕೊಟ್ಟರು. ಆಗ ಟಿವಿಯಲ್ಲಿ ಅನೇಕರು ಕೇಳಿದ ಪ್ರಶ್ನೆ ‘ಇವರು ಎಲ್ಲಿಂದ ಬಂದರು?’ ಉತ್ತರ ಅಲ್ಲೇ ಇತ್ತು. ಅವರಲ್ಲಿ ಬಹಳ ಜನ ಬಂದದ್ದು ಸುತ್ತಲ ತೋಟಗಳ ಲೈನ್ ಮನೆಯಿಂದ. ಹೆಂಚಿನ ಮಾಡು ಬಿಟ್ಟು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಯಾರಾದರೂ ಬರ್ತಾರಾ ಅಂತ ಮೂಗು ಮುರಿದವರಿದ್ದರು. ಬರ್ತಾರೆ. ಅದು ತಮ್ಮದು ಅಂತ ಅನ್ನಿಸಿದರೆ ಬರ್ತಾರೆ. ಅವರು ಕೇಳಿದ್ದು ಚಂದದ ಮನೆಯನ್ನಲ್ಲ. ಇನ್ನೊಬ್ಬರ ಸಾಲಿನಲ್ಲಿ ಇಲ್ಲದ ಮನೆಯನ್ನು.

ಈಗ ಆ ಹೆಸರುಗಳ ಪಟ್ಟಿಗೆ ವಾಪಸ್ ಬನ್ನಿ. ಅಗ್ರಹಾರ ಅಂದರೆ ರಾಜನಿಂದ ದಾನವಾಗಿ ಬಂದ ಹಕ್ಕು. ವಠಾರ ಅಂದರೆ ಬಾಡಿಗೆ ಕೊಟ್ಟು ಪಡೆದ ಹಕ್ಕು. ರೋ ಹೌಸ್ ಅಂದರೆ ದುಡ್ಡು ಕೊಟ್ಟು ಕೊಂಡ ಹಕ್ಕು, ಗೋಡೆಯ ಅರ್ಧವೂ ಪತ್ರದಲ್ಲಿದೆ. ಲೈನ್ ಮನೆ ಅಂದರೆ ಹಕ್ಕಿಲ್ಲದ ವಾಸ. ಇಟ್ಟಿಗೆ, ಗಾರೆ, ದಪ್ಪ ಎಲ್ಲ ಒಂದೇ ಇದ್ದರೂ ಪದ ಮಾತ್ರ ಒಳಗಿರುವವನ ಸ್ಥಾನವನ್ನು ಹೇಳಿಬಿಡುತ್ತೆ. ಅದಕ್ಕೇ ಬಿಲ್ಡರ್ ತನ್ನ ಜಾಹೀರಾತಿನಲ್ಲಿ ‘ಸಾಲುಮನೆ’ ಅಂತ ಕನ್ನಡದಲ್ಲಿ ಬರೆಯಲ್ಲ. ಬರೆದರೆ ಕೋಟಿ ಕೊಡೋಕೆ ಯಾರೂ ಬರಲ್ಲ ಅಂತ ಅವನಿಗೆ ಗೊತ್ತು. ಪಕ್ಕದ ಅಪಾರ್ಟ್‌ಮೆಂಟಿನವನು ಇನ್ನೂ ಒಂದು ಹೆಜ್ಜೆ ಮುಂದೆ. ‘ನಮ್ಮಲ್ಲಿ ಕಾಮನ್ ವಾಲ್ ಇಲ್ಲ’ ಅಂತ ಬೋರ್ಡ್ ಹಾಕ್ತಾನೆ. ಪ್ಲೇಗು ಹೋಗಿ ಕಾಲವಾಯ್ತು, ಪಕ್ಕದವರ ಭಯ ಹೋಗಿಲ್ಲ.

ವಠಾರ ವಾಪಸ್ ಬರಲಿ ಅಂತ ನಾನು ಹೇಳ್ತಿಲ್ಲ. ಎಂಟು ಮನೆಗೆ ಒಂದು ಕಕ್ಕಸು ಯಾರಿಗೂ ಬೇಡ. ‘ಯಾವ ಪೈಕಿ’ ಅನ್ನುವ ಗೇಟೂ ಬೇಡ. ಗೋಡೆ ಹಂಚಿಕೊಳ್ಳೋದರಲ್ಲಿ ಅವಮಾನ ಇಲ್ಲ, ಅದರಲ್ಲಿ ಪಾಲಿಲ್ಲದೆ ಬದುಕೋದರಲ್ಲಿ ಇದೆ.

ನಮ್ಮ ಡೆಸ್ಕಿನಲ್ಲಿ ಆಮೇಲೆ ಒಂದು ರೂಢಿ ಮಾಡಿಕೊಂಡೆ. ಮಂಗಳೂರಿನ ಸುದ್ದಿಯಲ್ಲಿ ‘ವಠಾರ’ ಬಂದರೆ ಮುಟ್ಟಲ್ಲ. ಮಳೆಗಾಲದಲ್ಲಿ ‘ಕೊಡಗಿನಲ್ಲಿ ಕಾರ್ಮಿಕರ ಮನೆ ಕುಸಿತ’ ಅಂತ ಬಂದರೆ ಮಾತ್ರ ವರದಿಗಾರರಿಗೆ ಫೋನ್ ಮಾಡಿ ಕೇಳ್ತೀನಿ. ಕಾರ್ಮಿಕರ ಮನೆನಾ, ಕಾರ್ಮಿಕರು ಇದ್ದ ಮನೆನಾ?